ಹತ್ತನೆಯ ಕೀರ್ತನೆಯ ಸರದಿ

ಎದುರು ಮನೆಯ ಮಹಡಿಗೆ ದೊಡ್ಡಕ್ಕ ಬಾಡಿಗೆಗೆ ಬಂದ ಹೊಸತರಲ್ಲಿ, ಅವಳ ಗಂಡನನ್ನು ನೆನೆದು ನನ್ನ ಕರುಳು ಚುರುಕ್ ಎನ್ನುತ್ತಿತ್ತು. ಸಂಜೆ ಕೆಲಸ ಮುಗಿಸಿ ಬಂದು ಕಿಟಕಿ ತೆರೆದಳೆಂದರೆ ಶುರು. "ಕಷ್ಟ ಬಂದಾಗಲೇ ಎಲ್ಲಿ ಹೋಗಿ ಅವಿತುಕೊಳ್ತೀಯ? ಕಿವಿ ಇಲ್ವಾ ನಿನಗೆ? ಏಳು ಮೇಲೆ!" ಎದುರು ಮಾತೇ ಇಲ್ಲ. ಪಾಪದ ಪ್ರಾಣಿ, ತುಟಿ ಪಿಟಕ್ಕೆನ್ನದೆ ಕೂತಿದೆ ಎಂದುಕೊಂಡೆ. ಕೊನೆಗೊಂದು ದಿನ ಮೂಲೆಯಂಗಡಿಯಲ್ಲಿ ಸಿಕ್ಕಾಗ, ಲೋಕಕ್ಕೆಲ್ಲ ಹಿತ ಬಯಸುವವನ ಗತ್ತಿನಲ್ಲಿ, "ಅಲ್ಲಮ್ಮ, ಸ್ವಲ್ಪ ಮೆತ್ತಗೆ ಹೇಳಿದ್ರೆ ನಿಮ್ಮ ಮನೆಯವರೂ ಕೇಳ್ತಾರೇನೋ" ಎಂದೆ.

"ಯಾವ ಮನೆಯವರು?"

"ಅದೇ... ನಿಮ್ಮ ಗಂಡ."

"ನನಗೆ ಮದುವೆ ಆಗಿಲ್ಲ" ಎಂದಳು ದೊಡ್ಡಕ್ಕ, ಸೋಪನ್ನು ಚೀಲಕ್ಕೆ ಹಾಕುತ್ತ. "ನಾನು ಬೈತಿರೋದು ದೇವರನ್ನ."

ನನ್ನ ಪಾತ್ರ ಅಲ್ಲಿಗೆ ಮುಗಿಯಿತು. ಅವಳ ಕಥೆ ಮಾತ್ರ ಅದಕ್ಕಿಂತ ಹಿಂದೆಯೇ ಶುರುವಾಗಿತ್ತು.

ದೊಡ್ಡಕ್ಕ ಒಂದು ಲಾಂಡ್ರಿಯಲ್ಲಿ ದುಡಿಯುತ್ತಿದ್ದಳು. ಬೀದಿಬದಿಯ ಇಸ್ತ್ರಿ ಅಂಗಡಿಯಲ್ಲ. ಆಸ್ಪತ್ರೆ, ಹೋಟೆಲುಗಳ ಚಾದರ, ದಿಂಬಿನ ಚೀಲ, ಟವೆಲುಗಳು ಲಾರಿಗಟ್ಟಲೆ ಬಂದು ಬೀಳುವ, ಹಬೆಯಲ್ಲಿ ಎದುರು ನಿಂತವರ ಮುಖ ಕಾಣಿಸದ ದೊಡ್ಡ ಶೆಡ್ಡು. ಒದ್ದೆ ಚಾದರದ ಎರಡು ತುದಿಗಳನ್ನು ಇಬ್ಬರು ಹಿಡಿದು, ಪಟಾರನೆ ಕೊಡವಿ, ಬಿಸಿ ರೋಲರುಗಳ ಬಾಯಿಗೆ ಕೊಡಬೇಕು. ಆಚೆ ಬದಿಯಲ್ಲಿ ಅದು ಹೊಸ ಕಾಗದದಂತೆ ಗರಿಗರಿಯಾಗಿ ಹೊರಬೀಳುತ್ತದೆ. ವರ್ಷಾನುಗಟ್ಟಲೆ ಆ ಬಿಸಿಗೆ ಮುಖವೊಡ್ಡಿ, ದೊಡ್ಡಕ್ಕ ಯಾವಾಗ ನೋಡಿದರೂ ಈಗಷ್ಟೇ ಯಾರೊಂದಿಗೋ ಜಗಳವಾಡಿ ಬಂದವಳಂತೆ ಕಾಣುತ್ತಿದ್ದಳು. ಎಷ್ಟೋ ಸಲ ಜಗಳವಾಡಿಯೇ ಬಂದಿರುತ್ತಿದ್ದಳು.

ಭಾನುವಾರ ಅವಳಿಗೆ ಇನ್ನೊಂದು ಕೆಲಸ. ಅವಳು ಸೇರಿದ್ದ ಪುಟ್ಟ ಕ್ರೈಸ್ತ ಸಭೆಯಲ್ಲಿ ಹಳೆಯದೊಂದು ಕಟ್ಟಳೆಯಿತ್ತು: ಆರಾಧನೆಯಲ್ಲಿ ಹಾಡುವುದು ಬೈಬಲಿನ ನೂರೈವತ್ತು ಕೀರ್ತನೆಗಳನ್ನು ಮಾತ್ರ. ಮನುಷ್ಯರು ಬರೆದ ಭಕ್ತಿಗೀತೆ ಎಷ್ಟೇ ಸೊಗಸಾಗಿರಲಿ, ಅದಕ್ಕೆ ಜಾಗ ಬಾಗಿಲಾಚೆ. ವಾದ್ಯವೂ ಇಲ್ಲ. ಒಬ್ಬರು ಮುಂದೆ ನಿಂತು ಒಂದೊಂದೇ ಸಾಲು ಹಾಡಬೇಕು, ಸಭೆ ಅದನ್ನೇ ತಿರುಗಿ ಹಾಡಬೇಕು. ಇದಕ್ಕೆ ಸಾಲು ಕೊಡುವುದು ಎನ್ನುತ್ತಿದ್ದರು. ಜೊತೆಗೆ, ಕೀರ್ತನೆಯನ್ನು ಯಾರೂ ಆರಿಸುವಂತಿರಲಿಲ್ಲ. ಒಂದರಿಂದ ಹಿಡಿದು ವಾರಕ್ಕೊಂದರಂತೆ ಸರದಿ; ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿಂದ. ಸರದಿ ಯಾರ ಮುಲಾಜನ್ನೂ ನೋಡುತ್ತಿರಲಿಲ್ಲ. ಮದುವೆಯಾದ ಹೊಸ ಜೋಡಿಯನ್ನು ಮುಂದೆ ಕೂರಿಸಿಕೊಂಡು ಎಲುಬೆಲ್ಲ ಸಡಿಲಾಯಿತೆಂದು ಗೋಳಿಡುವ ಕೀರ್ತನೆ ಹಾಡಿದ್ದೂ ಉಂಟು. ಆ ಜೋಡಿ ಈಗಲೂ ಚೆನ್ನಾಗಿಯೇ ಇದೆ.

ಮೊದಲು ಸಾಲು ಕೊಡುತ್ತಿದ್ದವರು ದೊಡ್ಡಕ್ಕನ ಅಪ್ಪ. ಅವರ ಗಂಟಲು ಕೆಟ್ಟ ಒಂದು ಭಾನುವಾರ, ಮುಂದಿನ ಏರ್ಪಾಡು ಆಗುವವರೆಗೆ ಎಂದು ಮಗಳು ಎದ್ದು ನಿಂತಳು. ಹೆಂಗಸು ಸಾಲು ಕೊಡಬಹುದೇ ಎಂದು ಹಿರಿಯರ ಸಮಿತಿ ಚರ್ಚೆಗೆ ಎತ್ತಿಕೊಂಡಿದ್ದರೆ ಸಭೆ ಎರಡು ಹೋಳಾಗುತ್ತಿತ್ತು. ಹಾಗಾಗಿ ಯಾರೂ ಎತ್ತಲಿಲ್ಲ. ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದವು. ಮುಂದಿನ ಏರ್ಪಾಡು ಇನ್ನೂ ದಾರಿಯಲ್ಲಿದೆ. ರಾಗಕ್ಕೆ ಹಾಕುವ ಮೊದಲು ಸಾಲನ್ನು ಬರೀ ಮಾತಿನಲ್ಲಿ ಹೇಳಿ ನೋಡು, ಅದು ನಿನ್ನ ಮಾತೇ ಅನ್ನಿಸಿದ ಮೇಲೆ ಹಾಡು ಎಂದು ಅಪ್ಪ ಹೇಳಿಕೊಟ್ಟಿದ್ದರು. ಎದುರು ಮನೆಯವರು ಗಂಡಹೆಂಡಿರ ಜಗಳ ಎಂದುಕೊಂಡರೆ ಅದು ಅಪ್ಪನ ತಪ್ಪಲ್ಲ.

ಅವಳ ತಂಗಿಯೂ ಅದೇ ಲಾಂಡ್ರಿಯಲ್ಲಿದ್ದಳು. ಅಕ್ಕ ಒಂದು ತುದಿ, ತಂಗಿ ಇನ್ನೊಂದು ತುದಿ. ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಇರುತ್ತದೆ; ಕೈ ತಗುಲಿದರೆ ಸಾಕು, ಯಂತ್ರ ಗಕ್ಕನೆ ನಿಲ್ಲುತ್ತದೆ. ಆದರೆ ಚಾದರದ ಮಡಿಕೆ ತಗುಲಿದರೂ ಅದು ನಿಲ್ಲುತ್ತದೆ. ಹೀಗೆ ಗಳಿಗೆಗೊಮ್ಮೆ ನಿಂತರೆ ಕೆಲಸ ಸಾಗುವುದು ಯಾವಾಗ ಎಂದು ಲಾಂಡ್ರಿಯ ಮಾಲೀಕರು ಆ ಪಟ್ಟಿಯನ್ನು ಹರಕು ದಿಂಬಿನ ಚೀಲದಿಂದ ಮೇಲಕ್ಕೆತ್ತಿ ಕಟ್ಟಿಸಿದ್ದರು. ಒಂದು ಮಧ್ಯಾಹ್ನ ಚಾದರದ ಜೊತೆ ತಂಗಿಯ ಬಲಗೈ ಒಳಗೆ ಹೋಯಿತು. ದೊಡ್ಡಕ್ಕ ತನ್ನ ತುದಿ ಬಿಟ್ಟು ಗೋಡೆಯ ಸ್ವಿಚ್ಚಿನ ತನಕ ಓಡಿದಳು. ಉಳಿದದ್ದು ಹೆಬ್ಬೆರಳು.

ಮರುದಿನ ಬೆಳಗ್ಗೆ, ಆಸ್ಪತ್ರೆಯಿಂದ ನೇರವಾಗಿ, ಅವಳು ಮಾಲೀಕರ ಕೋಣೆಗೆ ಹೋದಳು.

"ಆ ಪಟ್ಟಿ ಬಿಚ್ಚಿಸಿ. ಅದನ್ನ ಕಟ್ಟಿಸಿದ್ದು ನಾನೇ ಅಂತ ನನ್ನ ತಂಗಿ ಮುಂದೆ ಬಂದು ಹೇಳಿ."

ಮಾಲೀಕರು ತಾಳ್ಮೆಯ ಮನುಷ್ಯರು. ಕೆಳಗಿನವರು ಕೂಗಾಡಿದಷ್ಟೂ ಅವರ ದನಿ ಜೇನಿನಂತಾಗುತ್ತಿತ್ತು. "ಕೂತ್ಕೋಮ್ಮ. ನನಗೂ ಸಂಕಟ ಆಗಿದೆ. ನಿನ್ನ ಮನಸ್ಸಲ್ಲಿ ಏನಿದೆಯೋ ಎಲ್ಲ ಹೇಳ್ಕೋ, ಹಗುರ ಆಗುತ್ತೆ."

ದೊಡ್ಡಕ್ಕ ಎಲ್ಲ ಹೇಳಿಕೊಂಡಳು. ಮಾಲೀಕರು ತಲೆಯಾಡಿಸಿ ಕೇಳಿದರು. ಆ ಸಂಜೆ ಆಸ್ಪತ್ರೆಗೆ ಒಂದು ಹಣ್ಣಿನ ಬುಟ್ಟಿ ಬಂತು. ಮೇಲೆ ಮಿರಿಮಿರಿ ಕಾಗದ, ಅದಕ್ಕೊಂದು ರಿಬ್ಬನ್ ಗಂಟು. ತಂಗಿ ಎಡಗೈಯಲ್ಲಿ ಗಂಟಿನೊಂದಿಗೆ ಗುದ್ದಾಡಿ, ಹಲ್ಲಿನಿಂದ ಎಳೆದು, ಕೊನೆಗೆ ದಿಂಬಿಗೊರಗಿದಳು.

"ಹಣ್ಣೇನೋ ಕಳಿಸಿದ್ದಾರೆ ಅಕ್ಕಾ. ಸುಲಿಯೋಕೆ ಬೆರಳು ಕಳಿಸೋದು ಮರೆತಿದ್ದಾರೆ."

ದೊಡ್ಡಕ್ಕನಿಗೆ ನಗು ಬರಲಿಲ್ಲ. ನಗು ಬಾರದ್ದಕ್ಕೆ ತಂಗಿಯ ಮೇಲೂ ಸಿಟ್ಟು ಬಂತು.

ಮಾಲೀಕರು ಸಭೆಯ ಮುಖ್ಯ ಹಿರಿಯರೂ ಆಗಿದ್ದರು. ಆ ಭಾನುವಾರ ಅವರೇ ಪ್ರಾರ್ಥನೆಗೆ ಎದ್ದು, ಕಣ್ಣು ಮುಚ್ಚಿ, "ಅಜಾಗರೂಕತೆಯಿಂದ ಕೈಗೆ ಪೆಟ್ಟು ಮಾಡಿಕೊಂಡ ನಮ್ಮ ಪ್ರಿಯ ಸಹೋದರಿಗೆ ಎಚ್ಚರದ ಬುದ್ಧಿ ದಯಪಾಲಿಸು ಸ್ವಾಮೀ" ಎಂದು ಬೇಡಿಕೊಂಡರು. ಸಭೆ ಆಮೆನ್ ಎಂದಿತು. ಕಣ್ಣು ತೆರೆದುಕೊಂಡೇ ಇದ್ದವಳು ದೊಡ್ಡಕ್ಕ ಒಬ್ಬಳೇ. ಪ್ರಾರ್ಥನೆಗೆ ಎದುರಾಡುವ ಪದ್ಧತಿ ಎಲ್ಲೂ ಇಲ್ಲ. ಸುಳ್ಳು ಹೇಳುವುದಕ್ಕೆ ಇಷ್ಟು ಭದ್ರವಾದ ಜಾಗ ಇನ್ನೊಂದಿಲ್ಲ ಎಂದು ಅವಳಿಗೆ ಅವತ್ತು ಹೊಳೆಯಿತು. ಹೊಳೆದದ್ದೇ ಮೈಯೆಲ್ಲ ಉರಿ ಹತ್ತಿಕೊಂಡಿತು.

ಸೋಮವಾರ ತಂಗಿಯ ಜಾಗಕ್ಕೆ ಹೊಸ ಹುಡುಗಿಯೊಬ್ಬಳು ಬಂದಳು. ಪಟ್ಟಿ ಕಟ್ಟಿದ ಹಾಗೇ ಇತ್ತು. ದೊಡ್ಡಕ್ಕ ಕೆಲಸ ಬಿಡಬಹುದಿತ್ತು; ಬಿಟ್ಟರೆ ಇಬ್ಬರ ಹೊಟ್ಟೆಗೆ ದಾರಿ ಬೇರೆ ಇರಲಿಲ್ಲ, ಆ ಹುಡುಗಿಯ ಕೈ ಮೇಲೆ ಕಣ್ಣಿಡುವವರೂ ಬೇರೆ ಇರಲಿಲ್ಲ. ಸಂಜೆ ಮನೆಗೆ ಬಂದು ಕಿಟಕಿ ತೆರೆದು, ಹತ್ತನೆಯ ಕೀರ್ತನೆಯನ್ನು ಮಾತಿನಲ್ಲಿ ಹೇಳತೊಡಗಿದಳು. ದೇವರು ಯಾಕೆ ಅಷ್ಟು ದೂರ ನಿಂತಿದ್ದಾನೆ ಎಂದು ಶುರುವಾಗಿ, ಬಡವರನ್ನು ಹೊಂಚಿ ಹಿಡಿಯುವವನ ತೋಳು ಮುರಿ ಎನ್ನುವವರೆಗೆ ಹೋಗುವ ಕೀರ್ತನೆ ಅದು. ಅದರ ಸರದಿ ಹತ್ತಿರ ಬರುತ್ತಿತ್ತು. ಸಾವಿರ ಸಲ ಬಾಯಿಪಾಠ ಒಪ್ಪಿಸಿದ ಸಾಲುಗಳು. ಯಾವ ಸಾಲೂ ಈಗ ಅಪ್ಪನದ್ದೆನಿಸಲಿಲ್ಲ. ಎಲ್ಲ ಅವಳದೇ ಮಾತಾಗಿತ್ತು.

ಅಷ್ಟರಲ್ಲಿ ಸಭೆಗೆ ಹೊಸ ಪ್ರಾರ್ಥನಾ ಮಂದಿರ ಎದ್ದು ನಿಂತಿತು. ಹೊಸ ಮಂದಿರಕ್ಕೆ ಹೊಸ ಪಾದ್ರಿ ಬಂದರು, ಪಾದ್ರಿಯ ಹಿಂದೆ ಅವರ ಕೀಬೋರ್ಡ್ ಬಂತು. ಇನ್ನೂ ಮೀಸೆ ಸರಿಯಾಗಿ ಚಿಗುರದ, ಒಳ್ಳೆಯ ಮನಸ್ಸಿನ ಮನುಷ್ಯ. ಜಗತ್ತಿನ ದುಃಖಕ್ಕೆಲ್ಲ ಒಂದು ಇಂಪಾದ ಪಲ್ಲವಿ ಸಾಕು ಎಂದು ನಂಬಿದ್ದರು. ಕೀರ್ತನೆಗಳ ಜೊತೆ ಭಕ್ತಿಗೀತೆಗಳನ್ನೂ ಹಾಡೋಣ ಎಂದು ಅವರು ಮೆಲ್ಲಗೆ ಅಂದದ್ದೇ ತಡ, ಮಾಲೀಕರ ಕಿವಿ ನೆಟ್ಟಗಾಯಿತು. ಕಾರಣ, ಮಾಲೀಕರು ಸ್ವತಃ ಒಂದು ಗೀತೆ ಬರೆದಿದ್ದರು. ಬರೆದು ಎಷ್ಟೋ ದಿನದಿಂದ ಮೇಜಿನ ಖಾನೆಯಲ್ಲಿಟ್ಟು, ಲೋಕಕ್ಕೆ ಇದನ್ನು ತಾಳಿಕೊಳ್ಳುವ ಶಕ್ತಿ ಬಂದಿದೆಯೇ ಎಂದು ಕಾಯುತ್ತಿದ್ದರು.

ಸಭೆ ಸೇರಿತು. ಹಳೆಯ ಮಂದಿರದ ಮಡಚುವ ಕುರ್ಚಿಗಳು ಎರಡು ಪಕ್ಷವಾಗಿ ಎದುರುಬದುರಾದವು. ಕೀರ್ತನೆಗಳ ಪಕ್ಷಕ್ಕೆ ನಿವೃತ್ತ ಮೇಷ್ಟ್ರು ಮುಖ್ಯಸ್ಥರು. ಇಡೀ ಜೀವನ ಮಕ್ಕಳ ಉತ್ತರಪತ್ರಿಕೆ ತಿದ್ದಿ, ಈಗ ತಿದ್ದಲು ಯಾರೂ ಸಿಗದೆ ಸಭೆಯನ್ನು ಹಿಡಿದುಕೊಂಡಿದ್ದವರು.

"ಕೀರ್ತನೆಗಳಲ್ಲೇ ಹೊಸ ಹಾಡು ಹಾಡಿ ಅಂತ ಇದೆಯಲ್ಲ ಮೇಷ್ಟ್ರೇ" ಎಂದರು ಪಾದ್ರಿ. "ಯೇಸುವಿನ ಹೆಸರನ್ನೇ ಹಿಡಿದು ಹಾಡೋಕೆ ನಮಗೆ ಆಸೆ ಇರಬಾರದಾ?"

"ಆಸೆ ಇರಲಿ. ದೇವರಿಗೆ ಏನು ಹಾಡಬೇಕು ಅನ್ನೋದನ್ನ ದೇವರೇ ಬರೆಸಿ ಕೊಟ್ಟಿದ್ದಾನೆ. ಊಟಕ್ಕೆ ಕರೆದವರ ಮನೆಗೆ ನಾವೇ ಬುತ್ತಿ ಕಟ್ಕೊಂಡು ಹೋಗೋದು ಮರ್ಯಾದೆನಾ?"

ಬೇಕರಿಯವನು ಹಿಂದಿನಿಂದ, "ಕೀರ್ತನೆ ಶುರುವಾದ್ರೆ ನಮ್ಮ ಮಗು ನಿದ್ದೆ ಹೋಗುತ್ತೆ ಸಾರ್" ಎಂದ.

"ಪಾದ್ರಿಗಳ ಉಪದೇಶಕ್ಕೂ ಅದು ನಿದ್ದೆನೇ ಹೋಗುತ್ತೆ. ಅದನ್ನೂ ತೆಗೆದುಬಿಡೋಣವಾ?" ಎಂದರು ಮೇಷ್ಟ್ರು.

ಪಾದ್ರಿಯೂ ನಕ್ಕರು. ನಗು ಇಳಿಯುವ ಹೊತ್ತಿಗೆ ಮಾಲೀಕರು ಎದ್ದು, ಕೆಮ್ಮಿ, ಮಂದಿರದ ಉದ್ಘಾಟನೆಗೆಂದು ತಮ್ಮಿಂದ ಏನೋ ಒಂದು ಪುಟ್ಟ ಪ್ರಯತ್ನ ಎಂದು ಹಾಳೆಗಳನ್ನು ಹಂಚಿದರು. ಪುಟ್ಟ ಪ್ರಯತ್ನಕ್ಕೆ ಹದಿನಾರು ನುಡಿಗಳಿದ್ದವು. ಮೊದಲನೆಯದನ್ನು ಅವರೇ ಓದಿದರು:

"ನಮ್ಮಯ ಕೈಗಳ ನಿನಗರ್ಪಿಸಿಹೆವು, ದಣಿವನು ಮರೆತು ನಗುತಲಿ ದುಡಿವೆವು."

ಓದಿ, ಸಾಲು ಕೊಡುವವಳ ಕಡೆ ತಿರುಗಿ, "ದೊಡ್ಡಕ್ಕ, ಇದನ್ನ ನಿನ್ನ ಬಾಯಲ್ಲಿ ಕೇಳಬೇಕು ಅಂತ ಆಸೆ" ಎಂದರು. ಕೊನೆಯ ಸಾಲಿನಲ್ಲಿ ತಂಗಿ ಕೂತಿದ್ದಳು, ಬಲಗೈಯನ್ನು ಶಾಲಿನೊಳಗೆ ಇಟ್ಟುಕೊಂಡು. ಮಾಲೀಕರಿಗೆ ಅದು ಕಾಣಲಿಲ್ಲ. ಬೇಕೆಂದೇ ಚುಚ್ಚಿದ್ದರೂ ದೊಡ್ಡಕ್ಕ ಅರ್ಧ ಕ್ಷಮಿಸುತ್ತಿದ್ದಳೇನೋ. ಅವರಿಗೆ ನಿಜವಾಗಿಯೂ ನೆನಪೇ ಇರಲಿಲ್ಲ.

"ಕೈಗಳ ಸಾಲನ್ನ ನಾನು ಕೊಡಲ್ಲ" ಎಂದಳು.

"ಯಾಕಮ್ಮ? ಕೈ ಅಂದ್ರೆ ಇಲ್ಲಿ ಒಂದು ಸಂಕೇತ."

"ನನ್ನ ತಂಗೀದು ಸಂಕೇತ ಅಲ್ಲ. ನಿಮ್ಮ ರೋಲರಿಗೆ ಹೋಗಿದ್ದು."

ಕುರ್ಚಿಗಳು ಕಿರುಗುಟ್ಟಿದವು. ಮೇಷ್ಟ್ರು ತಕ್ಷಣ ಎದ್ದು ನಿಂತು, "ನೋಡಿ, ನೋಡಿ! ಮನುಷ್ಯ ಬರೆದ ಹಾಡಿನಿಂದ ಆಗೋ ಅನಾಹುತ ಇದೇ!" ಎಂದು ಇಡೀ ಸಿಟ್ಟನ್ನು ತಮ್ಮ ವಾದದ ಖಾತೆಗೆ ಹಾಕಿಕೊಂಡರು. ಯಾರೂ ರೋಲರಿನ ಬಗ್ಗೆ ಕೇಳಲಿಲ್ಲ. ಕೇಳಬಾರದೆಂದಲ್ಲ, ಅಂದಿನ ಚರ್ಚೆಯ ವಿಷಯ ಅದಲ್ಲವಲ್ಲ.

ಹಿರಿಯರು ಬಾಗಿಲು ಹಾಕಿಕೊಂಡು ತೀರ್ಮಾನಿಸಿದರು. ಅದನ್ನು ತಿಳಿಸಲು ಮೇಷ್ಟ್ರು ಮಹಡಿಯ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿ ಬಂದರು.

"ಗೆದ್ದುಬಿಟ್ವಿ ದೊಡ್ಡಕ್ಕ! ಕೀರ್ತನೆ ಮಾತ್ರ. ಗೀತೆಯಿಲ್ಲ, ಕೀಬೋರ್ಡ್ ಇಲ್ಲ. ಮಾಲೀಕರೂ ದೊಡ್ಡ ಮನಸ್ಸು ಮಾಡಿ ತಮ್ಮ ಹಾಡನ್ನ ವಾಪಸ್ ತಗೊಂಡ್ರು."

"ಉದ್ಘಾಟನೆ ದಿನ ಹತ್ತನೇದರ ಸರದಿ" ಎಂದಳು ದೊಡ್ಡಕ್ಕ. ಅಪಘಾತವಾದ ಮೇಲೆ ಮೊದಲ ಸಲ ಅವಳ ಹುಬ್ಬಿನ ಗಂಟು ಸಡಿಲಾಗಿತ್ತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಅದೇ... ಅವತ್ತು ಹೊರಗಿನವರು ಬರ್ತಾರಲ್ಲ, ಹೋಟೆಲಿನ ಮ್ಯಾನೇಜರುಗಳು, ಡಾಕ್ಟರುಗಳು. ಅದಕ್ಕೆ ಇಪ್ಪತ್ಮೂರನೇದು, ದೇವರೇ ನನ್ನ ಕುರುಬ ಅನ್ನೋ ಕುರುಬನ ಕೀರ್ತನೆ ಇಟ್ಕೊಂಡಿದ್ದೇವೆ. ಹಸಿರು ಹುಲ್ಲು, ತಿಳಿನೀರು, ಎಲ್ಲರಿಗೂ ಹಿತ. ಇನ್ನು ಮುಂದೆ ಶಾಪ ಹಾಕೋವು, ಹಲ್ಲು ಮುರಿ ತೋಳು ಮುರಿ ಅನ್ನೋವು, ಅಂಥವನ್ನ ದಾಟಿಸ್ಕೊಂಡು ಹೋಗೋದು ಅಂತ..."

"ದೇವರು ಕೊಟ್ಟಿದ್ದನ್ನ ಮನುಷ್ಯ ಮುಟ್ಟಬಾರದು ಅಂತ ಗಂಟಲು ಹರ್ಕೊಂಡಿದ್ದು ಯಾರು ಮೇಷ್ಟ್ರೇ?"

"ಮುಟ್ಟಿಲ್ಲಮ್ಮ. ಆರಿಸಿದ್ದೇವೆ ಅಷ್ಟೆ."

"ಯಾವುದನ್ನ ಬಿಡಬೇಕು ಅಂತ ಮೊದಲು ಹೇಳಿದ್ದು ಯಾರು?"

ಮೇಷ್ಟ್ರು ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸತೊಡಗಿದರು. ಮಾಲೀಕರ ಹೆಸರನ್ನು ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ.

ದೊಡ್ಡಕ್ಕನ ಕೋಪ ನೆತ್ತಿಗೇರಿತು. ಮಾಲೀಕರ ಮೇಲಿದ್ದದ್ದು ಹಳೆಯ ಕೋಪ, ಪಳಗಿದ್ದು. ಇದು ಹಸಿ ಕೋಪ. "ಅವರು ಹಾಡು ಬರೆದು ಸುಳ್ಳು ಹೇಳಿದ್ರು. ನೀವು ಹಾಡು ಬಿಟ್ಟು ಸುಳ್ಳು ಹೇಳ್ತಿದ್ದೀರಿ. ನನ್ನ ಮಟ್ಟಿಗೆ ಇಬ್ಬರೂ ಒಂದೇ. ನಿಮಗೆ ಬೇಕಿರೋದು ಗೆಲುವು ಮೇಷ್ಟ್ರೇ, ಕೀರ್ತನೆ ಅಲ್ಲ. ಇಷ್ಟು ದಿನ ನಾನು ನಿಮ್ಮ ಪಕ್ಷ ಅಂದ್ಕೊಂಡಿದ್ರಾ? ನನಗೆ ಗಿಟಾರು, ಕೀಬೋರ್ಡು ಯಾವುದರ ಮೇಲೂ ಹಗೆ ಇಲ್ಲ. ಹೊಟ್ಟೆಯೊಳಗಿನ ಬೆಂಕೀನ ಬಾಯಿಬಿಟ್ಟು ಹೇಳೋಕೆ ನನಗಿದ್ದಿದ್ದು ಅದೊಂದೇ ಜಾಗ. ಅದಕ್ಕೂ ಬಟ್ಟೆ ಕಟ್ಟಿಬಿಟ್ರಲ್ಲ, ಆ ಪಟ್ಟಿಗೆ ಕಟ್ಟಿದ ಹಾಗೆ!"

ತಂಗಿ ಒಳಗಿನಿಂದ ಬಂದು, "ಮೇಷ್ಟ್ರೇ, ಚಹಾ ಕುಡಿದು ಹೋಗಿ. ಲೋಟ ನೀವೇ ಬಂದು ತಗೋಬೇಕು, ನನ್ನ ಕೈಯಿಂದ ಜಾರುತ್ತೆ" ಎಂದಳು.

ಮೇಷ್ಟ್ರು ಚಹಾ ಕುಡಿಯಲಿಲ್ಲ. ಇಳಿಯುವಾಗ ಮೆಟ್ಟಿಲುಗಳಿಗೆ ಅವರ ಏದುಸಿರೂ ಕೇಳಿಸಲಿಲ್ಲ.

ಉದ್ಘಾಟನೆಯ ದಿನ ಹೊಸ ಮಂದಿರದಲ್ಲಿ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಮೊದಲ ಸಾಲಿನಲ್ಲಿ ಅತಿಥಿಗಳು, ಅವರ ನಡುವೆ ಮಾಲೀಕರು. ಕೊನೆಯ ಸಾಲುಗಳಲ್ಲಿ ಲಾಂಡ್ರಿಯ ಹೆಂಗಸರು, ಬಟ್ಟೆ ಮಡಿಸುವ ಮೇಜಿನವರು, ಆ ಹೊಸ ಹುಡುಗಿ, ತಂಗಿ. ಪಾದ್ರಿ ಕೀರ್ತನೆಯ ಹೊತ್ತಾಯಿತೆಂದು ಸನ್ನೆ ಮಾಡಿ, ಕುರುಬನ ಕೀರ್ತನೆಗೆ ತಕ್ಕ ಮುಗುಳ್ನಗೆಯನ್ನು ಮುಖಕ್ಕೆ ತಂದುಕೊಂಡರು. ದೊಡ್ಡಕ್ಕ ಎದ್ದು ನಿಂತಳು. ಬಾಯಿ ತೆರೆದು ಹತ್ತನೆಯ ಕೀರ್ತನೆಯ ಮೊದಲ ಸಾಲು ಕೊಟ್ಟಳು.

ಹುಟ್ಟಿದಂದಿನಿಂದ ಕೊಟ್ಟ ಸಾಲನ್ನು ತಿರುಗಿ ಹಾಡಿಯೇ ಅಭ್ಯಾಸವಾದ ಸಭೆ ಅದು. ತಲೆ ಯೋಚಿಸುವ ಮೊದಲೇ ಗಂಟಲು ಹಾಡಿಬಿಟ್ಟಿತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡುತ್ತಲೇ ಹಾಡಿದರು. ಪಾದ್ರಿಯ ಮುಗುಳ್ನಗೆ ಎಲ್ಲಿ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತ್ತು. ತಮ್ಮ ದನಿಯ ಮೇಲೆ ಬಹಳ ಮೋಹವಿದ್ದ ಮಾಲೀಕರು ಅತಿಥಿಗಳಿಗೆ ಕೇಳಿಸಲೆಂದು ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದರು: ಸೊಕ್ಕಿದವನು ಬಡವನನ್ನು ಅಟ್ಟುತ್ತಾನೆ ಎಂದು, ಮರೆಯಲ್ಲಿ ಕೂತು ಬಲೆಗೆ ಎಳೆದುಕೊಳ್ಳುತ್ತಾನೆ ಎಂದು, ದೇವರು ಮರೆತಿದ್ದಾನೆ, ಇದನ್ನೆಲ್ಲ ನೋಡುವುದೇ ಇಲ್ಲ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಾನೆ ಎಂದು. ಹಾಡುತ್ತ ಹಾಡುತ್ತ ಅವರ ದನಿ ಇಳಿಯಿತು. ದೊಡ್ಡಕ್ಕ ಅವರನ್ನೇ ನೋಡುತ್ತಿದ್ದಳು. ಕೆಡುಕನ ತೋಳು ಮುರಿ ಎನ್ನುವ ಸಾಲು ಕೊಟ್ಟಳು.

ಯಾರೂ ತಿರುಗಿ ಹಾಡಲಿಲ್ಲ. ಸಾಲು ಹೊಸ ಗೋಡೆಗಳಿಗೆ ತಾಗಿ ಹಾಗೇ ನಿಂತಿತು.

ಕೊನೆಯ ಸಾಲಿನಿಂದ ಒಂದು ದನಿ ಎದ್ದಿತು. ತಂಗಿಗೆ ಶ್ರುತಿಯ ಗಂಧವೂ ಇರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನೇ ಅವಳಿಗೆ ಬರೀ ತುಟಿಯಾಡಿಸು ಎಂದು ಹೇಳಿದ್ದರು. ಈಗ ಆ ಒಡಕು ದನಿಯಲ್ಲಿ, ಒಬ್ಬಳೇ, ಇಡೀ ಸಾಲನ್ನು ಹಾಡಿದಳು. ಮಡಿಸುವ ಮೇಜಿನ ಹೆಂಗಸರು ಸೇರಿಕೊಂಡರು. ಬೇಕರಿಯವನು ಸೇರಿಕೊಂಡ. ಕೀರ್ತನೆ ಮುಗಿಯುವ ಹೊತ್ತಿಗೆ ಮೇಷ್ಟ್ರು ಕಣ್ಣಲ್ಲಿ ನೀರಿಟ್ಟುಕೊಂಡು, ಇದನ್ನು ಆರಿಸಿದ್ದೇ ತಾವು ಎನ್ನುವಂತೆ ಎದೆಯುಬ್ಬಿಸಿ ಹಾಡುತ್ತಿದ್ದರು. ಬಾಯಿ ಮುಚ್ಚಿದ್ದವರು ಮಾಲೀಕರೊಬ್ಬರೇ.

ಬಾಗಿಲಲ್ಲಿ ಅತಿಥಿಗಳ ಕೈಕುಲುಕುವ ಹೊತ್ತು. ಹೋಟೆಲಿನ ಮ್ಯಾನೇಜರಮ್ಮ ತಂಗಿಯ ಮುಂದೆ ಕೈ ಚಾಚಿದರು. ತಂಗಿ ಶಾಲಿನಿಂದ ಬಲಗೈ ತೆಗೆದು ಕೊಟ್ಟಳು.

"ಅಯ್ಯೋ, ಇದೇನಮ್ಮಾ?"

"ನಿಮ್ಮ ಹೋಟೆಲಿನ ಚಾದರ ಹಾಕೋವಾಗ ಆಗಿದ್ದು. ಯಂತ್ರ ನಿಲ್ಲಿಸೋ ಪಟ್ಟೀನ ಎತ್ತಿ ಕಟ್ಟಿದ್ರು. ಈಗಲೂ ಕಟ್ಟೇ ಇದೆ."

ಮ್ಯಾನೇಜರಮ್ಮ ತಿರುಗಿ ಮಾಲೀಕರನ್ನು ನೋಡಿದರು.

ಸೋಮವಾರ ಬೆಳಗ್ಗೆ ಸೂಪರ್‌ವೈಸರ್ ಕತ್ತರಿ ತಂದು ಆ ಹರಕು ಚೀಲವನ್ನು ಕತ್ತರಿಸಿ ಎಸೆದ. ಯಂತ್ರ ಈಗ ಗಳಿಗೆಗೊಮ್ಮೆ ಗಕ್ಕನೆ ನಿಲ್ಲುತ್ತದೆ. ಹಾಗೆ ನಿಂತಾಗಲೆಲ್ಲ ಹೊಸ ಹುಡುಗಿ ಬೆಚ್ಚಿ ಕೈ ಹಿಂದಕ್ಕೆಳೆದುಕೊಳ್ಳುತ್ತಾಳೆ. ಆ ಕಡೆಯ ತುದಿ ಹಿಡಿದ ದೊಡ್ಡಕ್ಕ ಅವಳ ಬೆರಳುಗಳನ್ನೊಮ್ಮೆ ನೋಡಿ, "ಹೂಂ, ಎಳಿ" ಎನ್ನುತ್ತಾಳೆ. ಮಾಲೀಕರು ಮಾತ್ರ ತಂಗಿಯ ಮುಂದೆ ಬಂದು ನಿಲ್ಲಲಿಲ್ಲ. ಅಜಾಗರೂಕತೆ ಎಂದ ಬಾಯಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ಸಾಲು ಕೊಡುವ ಕೆಲಸದಿಂದ ಅವಳನ್ನು ತೆಗೆದುಹಾಕಬೇಕೆಂದು ಹಿರಿಯರ ಸಮಿತಿ ಸೇರಿತು. 'ತೆಗೆಯೋದು ಹೇಗೆ? ನೇಮಿಸಿಯೇ ಇಲ್ಲವಲ್ಲ' ಎಂದು ಮೇಷ್ಟ್ರು ಎತ್ತಿ ತೋರಿಸಿದರು. ತೆಗೆಯಬೇಕಾದರೆ ಮೊದಲು ನೇಮಿಸಬೇಕು; ನೇಮಿಸಬೇಕಾದರೆ ಹೆಂಗಸು ಸಾಲು ಕೊಡಬಹುದೇ ಎಂಬುದು ತೀರ್ಮಾನವಾಗಬೇಕು. ಸಮಿತಿ ನಡುಗಿಹೋಯಿತು. ಕೊನೆಗೆ, ಪಾದ್ರಿ ಹೋಗಿ ಒಂದೆರಡು ಒಳ್ಳೆಯ ಮಾತು ಹೇಳಲಿ ಎಂದಾಯಿತು.

ಪಾದ್ರಿ ಬಂದರು. ತಂಗಿ ಎಡಗೈಯಲ್ಲಿ ತಂದ ಚಹಾವನ್ನು ಎದ್ದು ಹೋಗಿ ತೆಗೆದುಕೊಂಡರು, ಅಷ್ಟು ಕಲಿತಿದ್ದರು. ಕಿಟಕಿ ತೆರೆದಿತ್ತು. ಮುಂದಿನ ಭಾನುವಾರದ ಕೀರ್ತನೆಯನ್ನು ದೊಡ್ಡಕ್ಕ ಅರ್ಧದಲ್ಲಿ ನಿಲ್ಲಿಸಿದ್ದಳು.

"ದೊಡ್ಡಕ್ಕ, ಪಟ್ಟಿ ಬಿಚ್ಚಿದ್ದಾಯ್ತಲ್ಲ" ಎಂದರು ಪಾದ್ರಿ ಮೆಲ್ಲಗೆ. "ಇನ್ನೂ ಇಷ್ಟೊಂದು ಕೋಪಾನ ತಗೊಂಡು ಹೋಗಿ ದೇವರ ಮುಂದೆ ಸುರೀಬೇಕಾ? ಯಾರಾದ್ರೂ ದೊಡ್ಡವರ ಹತ್ರ ಕೂತು ಸಮಾಧಾನವಾಗಿ ಹೇಳ್ಕೋಬಾರದಾ?"

"ಹೇಳ್ಕೊಂಡಿದ್ದೆ" ಎಂದಳು ದೊಡ್ಡಕ್ಕ. "ಹಣ್ಣಿನ ಬುಟ್ಟಿ ಕಳಿಸಿದ್ರು."